ಏಳು ದಿನ ಮಾತ್ರ ಬದುಕುವ ಊರಿಗೆ ಹೊರಡುವವರಿಗೆ: ಆಫ್ರಿಕಾಬರ್ನ್‌ನ ಸಮಗ್ರ ಮಾರ್ಗದರ್ಶಿ

ಬ್ಯಾಗಿಗೆ ಮೊದಲು ಹಾಕಬೇಕಾದದ್ದು ಒಂದು ಸ್ಟೀಲ್ ಲೋಟ. ಹಿಡಿ ಇರುವ ಲೋಟವಾದರೆ ಇನ್ನೂ ಒಳ್ಳೆಯದು, ಸೊಂಟಕ್ಕೆ ನೇತುಹಾಕಿಕೊಳ್ಳಬಹುದು. ನೀವು ಹೋಗುತ್ತಿರುವ ಊರಿನಲ್ಲಿ ಒಬ್ಬರು ಕಾಫಿ ಕೊಡುತ್ತಾರೆ, ಇನ್ನೊಬ್ಬರು ಸೂಪ್ ಕೊಡುತ್ತಾರೆ, ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಲೋಟವನ್ನು ಮಾತ್ರ ಯಾರೂ ಕೊಡುವುದಿಲ್ಲ. ಮೊದಲ ಸಲ ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಚಳಿಯ ಬೆಳಗ್ಗೆ ಬಿಸಿ ಚಹಾದ ಮುಂದೆ ಬರಿಗೈಯಲ್ಲಿ ನಿಂತಿದ್ದೆ.

ದಕ್ಷಿಣ ಆಫ್ರಿಕಾದ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ ಟಂಕ್ವಾ ಕರೂ ಎಂಬ ಒಣ ಬಯಲಿದೆ. ಏಪ್ರಿಲ್ ಕೊನೆಯಲ್ಲಿ, ಮೇ ತಿಂಗಳ ಮೊದಲ ದಿನಗಳವರೆಗೆ, ಅಲ್ಲೊಂದು ಊರು ಏಳುತ್ತದೆ. ಅದಕ್ಕೆ ಟಂಕ್ವಾ ಟೌನ್ ಎಂದು ಹೆಸರು. ರಸ್ತೆ, ಕಾವಲು, ಕಲಾಕೃತಿ, ಸಂಗೀತ ಎಲ್ಲ ಇರುತ್ತದೆ. ಒಂದು ವಾರದ ನಂತರ ಅಲ್ಲಿ ಏನೂ ಇರುವುದಿಲ್ಲ. ಈ ಹಬ್ಬದ ಹೆಸರು ಆಫ್ರಿಕಾಬರ್ನ್. ಕರ್ನಾಟಕದಿಂದ ಹೋಗಬೇಕೆಂದಿರುವವರಿಗೆ, ಕೇಪ್ ಟೌನ್ ಅಥವಾ ಜೋಹಾನ್ಸ್‌ಬರ್ಗ್‌ನಲ್ಲಿದ್ದು ಇನ್ನೂ ಹೋಗದ ಕನ್ನಡಿಗರಿಗೆ, ಎರಡು ಸಲ ಹೋಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಅದು ಏನು ಎಂದು ತಿಳಿದುಕೊಳ್ಳಿ

1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಡಲ ತೀರದಲ್ಲಿ ಲ್ಯಾರಿ ಹಾರ್ವಿ ಮತ್ತು ಗೆಳೆಯರು ಒಂದು ಮರದ ಮನುಷ್ಯಾಕೃತಿಯನ್ನು ಮಾಡಿ ಸುಟ್ಟರು. 1990ರಲ್ಲಿ ಅದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋಯಿತು, ಬರ್ನಿಂಗ್ ಮ್ಯಾನ್ ಎಂದು ಬೆಳೆಯಿತು. ಅದೇ ರೀತಿಯಲ್ಲಿ ಬೇರೆ ಬೇರೆ ದೇಶಗಳಲ್ಲಿ ಪ್ರಾದೇಶಿಕ ಹಬ್ಬಗಳು ಹುಟ್ಟಿದವು. ಅಂಥವುಗಳಲ್ಲಿ ಒಂದು ಆಫ್ರಿಕಾಬರ್ನ್. 2007ರಲ್ಲಿ ಶುರುವಾದಾಗ ಬಂದವರು ಸುಮಾರು ಸಾವಿರ ಜನ. ಕೋವಿಡ್‌ಗೆ ಮೊದಲಿನ ವರ್ಷಗಳಲ್ಲಿ ಹತ್ತು ಸಾವಿರ ದಾಟಿತ್ತು. ನೆವಾಡಾದ ಎಪ್ಪತ್ತು ಸಾವಿರದ ಮುಂದೆ ಇದು ಚಿಕ್ಕ ಊರೇ. ಮೂರನೇ ದಿನಕ್ಕೆ ಮುಖಗಳ ಪರಿಚಯವಾಗಿ ಜನ ತಲೆಯಾಡಿಸಲು ಶುರು ಮಾಡುತ್ತಾರೆ. ನನಗೆ ಇಷ್ಟವಾದದ್ದು ಈ ಅಳತೆಯೇ.

ನೆವಾಡಾದ ಹಬ್ಬಕ್ಕೆ ಹತ್ತು ತತ್ವಗಳಿವೆ, 2004ರಲ್ಲಿ ಹಾರ್ವಿ ಬರೆದದ್ದು. ಎಲ್ಲರಿಗೂ ಬಾಗಿಲು ತೆರೆದಿರಬೇಕು, ಕೊಡಬೇಕು, ವ್ಯಾಪಾರ ಬೇಡ, ನಿಮ್ಮ ಕಾಲ ಮೇಲೆ ನೀವು ನಿಲ್ಲಬೇಕು, ಗುರುತು ಬಿಡಬಾರದು, ಹೀಗೆ. ಟಂಕ್ವಾದವರು ಹನ್ನೊಂದನೆಯದನ್ನು ಸೇರಿಸಿದರು: ಒಬ್ಬೊಬ್ಬರೂ ಇನ್ನೊಬ್ಬರಿಗೆ ಕಲಿಸಿ. ಈ ಮಾತಿಗೆ ಆ ನೆಲದಲ್ಲಿ ತೂಕ ಜಾಸ್ತಿ. ರಾಬೆನ್ ಐಲ್ಯಾಂಡ್ ಜೈಲಿನಲ್ಲಿ ರಾಜಕೀಯ ಕೈದಿಗಳು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡದ್ದು ಇದೇ ಮಾತಿನ ಮೇಲೆ. ಆ ದ್ವೀಪ ಕೇಪ್ ಟೌನ್ ತೀರದಿಂದ ಕಣ್ಣಿಗೆ ಕಾಣುತ್ತದೆ. ಹೊರಡುವ ಮೊದಲು ಒಂದು ಸಂಜೆ ಆ ಕಡೆ ನೋಡಿ ಬನ್ನಿ.

ನಮಗೆ ಜಾತ್ರೆ ಗೊತ್ತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲೂ ಖಾಲಿ ಜಾಗದಲ್ಲಿ ಊರು ಏಳುತ್ತದೆ, ಆಮೇಲೆ ಕರಗುತ್ತದೆ. ಆದರೆ ಜಾತ್ರೆಯಲ್ಲಿ ಅಂಗಡಿ ಸಾಲಿರುತ್ತದೆ. ಟಂಕ್ವಾದಲ್ಲಿ ಅಂಗಡಿಯೇ ಇಲ್ಲ. ಮಾರಾಟಕ್ಕಿರುವುದು ಐಸ್ ಒಂದೇ. ಹಾಗಾಗಿ ಜಾತ್ರೆಯನ್ನು ಮರೆತು ದಾಸೋಹವನ್ನು ನೆನಪಿಸಿಕೊಳ್ಳಿ. ಉಣ್ಣುವವರ ಹೆಸರು ಕೇಳದೆ ಬಡಿಸುವುದು, ಪ್ರತಿಯಾಗಿ ಏನನ್ನೂ ನಿರೀಕ್ಷಿಸದಿರುವುದು. ಅಲ್ಲಿ ವಿನಿಮಯವೂ ಇಲ್ಲ. ನಾನು ನಿನಗೆ ಹಣ್ಣು ಕೊಟ್ಟೆ, ನೀನು ನನಗೆ ಬ್ಯಾಟರಿ ಕೊಡು ಎಂಬ ಲೆಕ್ಕವನ್ನೂ ಯಾರೂ ಇಡುವುದಿಲ್ಲ.

ಎರಡನೇ ಹೆಜ್ಜೆ: ಟಿಕೆಟ್, ವೀಸಾ, ಪ್ರಯಾಣ

ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಗೇಟಿನಲ್ಲಿ ಮಾರುವುದಿಲ್ಲ, ಆದ್ದರಿಂದ ಅಲ್ಲಿ ಹೋಗಿ ನೋಡೋಣ ಎಂದು ಹೊರಡಬೇಡಿ. ಟಿಕೆಟ್ ಮೇಲಿನ ಹೆಸರು ಮತ್ತು ನಿಮ್ಮ ಪಾಸ್‌ಪೋರ್ಟ್ ಹೆಸರು ಹೊಂದಬೇಕು.

ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಕು. ಎರಡು ಮೂರು ತಿಂಗಳು ಮೊದಲೇ ಅರ್ಜಿ ಹಾಕಿ, ಪಾಸ್‌ಪೋರ್ಟ್‌ನಲ್ಲಿ ಖಾಲಿ ಪುಟಗಳಿವೆಯೇ ನೋಡಿಕೊಳ್ಳಿ. ಬೆಂಗಳೂರಿನಿಂದ ಕೇಪ್ ಟೌನ್‌ಗೆ ನೇರ ವಿಮಾನ ಇಲ್ಲ. ಕೊಲ್ಲಿ ದೇಶಗಳ ಮೂಲಕವೋ ಆಫ್ರಿಕಾದ ಬೇರೆ ನಗರದ ಮೂಲಕವೋ ಹೋಗಬೇಕು. ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಡಿಸ್ ಅಬಾಬಾ, ನೈರೋಬಿಯಂಥ ಕಡೆ 12 ಗಂಟೆಗಿಂತ ಜಾಸ್ತಿ ಕಾಯಬೇಕಾಗಿ ಬಂದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡಿರಬೇಕು.

ಇನ್ನು ಎರಡು ಸಣ್ಣ ಅನುಕೂಲ. ಅಲ್ಲೂ ನಮ್ಮಂತೆಯೇ ಎಡಬದಿಯಲ್ಲಿ ಗಾಡಿ ಓಡಿಸುತ್ತಾರೆ. ಅಲ್ಲಿನ ಹಳೆಯ ಸಾಕೆಟ್‌ಗಳಿಗೆ ನಮ್ಮ ಮನೆಯ ಗೀಸರಿನ ದಪ್ಪ ಮೂರು ಪಿನ್ನಿನ ಪ್ಲಗ್ ಹಿಡಿಸುತ್ತದೆ.

ಮೂರನೇ ಹೆಜ್ಜೆ: ಒಂದು ಗುಂಪು ಸೇರಿ

ಒಬ್ಬರೇ ಹೋಗಬಹುದು, ಹೋಗುವವರಿದ್ದಾರೆ. ಆದರೆ ಹೊರದೇಶದಿಂದ ಟೆಂಟ್, ಒಲೆ, ನೀರಿನ ಕ್ಯಾನು, ಸೈಕಲ್ ಎಲ್ಲ ಹೊತ್ತು ತರುವುದು ಆಗದ ಮಾತು. ಕೇಪ್ ಟೌನ್‌ನ ಯಾವುದಾದರೂ ಕ್ಯಾಂಪಿಗೆ ಜನವರಿಯಲ್ಲೇ ಪತ್ರ ಬರೆಯಿರಿ. ಕ್ಯಾಂಪ್ ಅಂದರೆ ಹತ್ತು ಜನವೋ ಐವತ್ತು ಜನವೋ ಸೇರಿ ನೆರಳು, ಅಡುಗೆ, ನೀರು ಹಂಚಿಕೊಳ್ಳುವ ಮನೆ. ಪತ್ರದಲ್ಲಿ ನಿಮಗೆ ಏನು ಬೇಕು ಎಂದು ಬರೆಯುವ ಮೊದಲು ನಿಮಗೆ ಏನು ಬರುತ್ತದೆ ಎಂದು ಬರೆಯಿರಿ. ಅಡುಗೆ, ವೈರಿಂಗ್, ಹೊಲಿಗೆ, ಮೃದಂಗ, ಯಾವುದಾದರೂ ಸರಿ. ಕೈಕೆಲಸ ಗೊತ್ತಿರುವವರಿಗೆ ಜಾಗ ಬೇಗ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ಏನು ಕೊಡುತ್ತೀರಿ?

ಇದನ್ನು ಕೊನೆಗೆ ಯೋಚಿಸುವವರೇ ಹೆಚ್ಚು. ಮೊದಲ ಸಲ ನಾನೂ ಕೊನೆಯ ಅಂಗಡಿಯಲ್ಲಿ ನಾಲ್ಕು ಪೊಟ್ಟಣ ಚಾಕಲೇಟ್ ಕೊಂಡುಕೊಂಡಿದ್ದೆ. ಅದು ತಪ್ಪಲ್ಲ, ಆದರೆ ಅದರಲ್ಲಿ ನಾನು ಎಲ್ಲೂ ಇರಲಿಲ್ಲ.

ಎರಡನೇ ಸಲ ಮನೆಯಲ್ಲಿ ಕುಳಿತು ಯೋಚಿಸಿದೆ. ಬಿಸಿಲಲ್ಲಿ ನಡೆಯುವ ಜನರಿಗೆ ನಮ್ಮವರು ತಲೆತಲಾಂತರದಿಂದ ಏನು ಕೊಟ್ಟಿದ್ದಾರೆ? ಅರವಟ್ಟಿಗೆ. ರಾಮನವಮಿಗೆ ಪ್ರತಿ ಬೀದಿಯಲ್ಲೂ ಪಾನಕ, ಮಜ್ಜಿಗೆ, ಕೋಸಂಬರಿ. ಅದಕ್ಕಿಂತ ಒಳ್ಳೆಯ ಉಡುಗೊರೆ ಮರುಭೂಮಿಗೆ ಯಾವುದಿದೆ?

ಮಾಡುವುದು ಸುಲಭ. ಬೆಲ್ಲ, ಏಲಕ್ಕಿ, ಶುಂಠಿ ಪುಡಿ, ಕಾಳುಮೆಣಸು ಇವನ್ನು ಭಾರತದಿಂದ ಒಯ್ಯಬೇಡಿ. ಗಿಡ, ಬೀಜ, ಹಾಲಿನ ಪದಾರ್ಥಗಳ ಮೇಲೆ ಅಲ್ಲಿ ಕಟ್ಟುನಿಟ್ಟಿದೆ, ವಿಮಾನ ನಿಲ್ದಾಣದಲ್ಲಿ ಸುಮ್ನೆ ತೊಂದರೆ. ಕೇಪ್ ಟೌನ್‌ನ ಬೋ-ಕಾಪ್ ಬಡಾವಣೆಯ ಮಸಾಲೆ ಅಂಗಡಿಗಳಲ್ಲಿ ಬಹುತೇಕ ಎಲ್ಲವೂ ಸಿಗುತ್ತದೆ. ಒಂದು ಕಿಲೋ ಬೆಲ್ಲಕ್ಕೆ ಎಂಟು ಲೀಟರ್ ನೀರು, ಹತ್ತು ನಿಂಬೆಹಣ್ಣು. ಬೆಲ್ಲವನ್ನು ಕೇಪ್ ಟೌನ್‌ನಲ್ಲೇ ಕರಗಿಸಿ, ಸೋಸಿ, ಗಟ್ಟಿ ಪಾಕ ಮಾಡಿ ಬಾಟಲಿಗೆ ತುಂಬಿಕೊಳ್ಳಿ. ಮರಳಿನಲ್ಲಿ ಬೆಲ್ಲ ಕುಟ್ಟುತ್ತಾ ಕೂರಬೇಕಾಗುವುದಿಲ್ಲ. ಒಬ್ಬರಿಗೆ ನೂರು ಮಿಲಿಲೀಟರ್ ಎಂದುಕೊಂಡರೆ ಎಂಬತ್ತು ಜನಕ್ಕೆ ಆಗುತ್ತದೆ. ಮಧ್ಯಾಹ್ನ ಒಂದು ಗಂಟೆಯ ಕೆಲಸ. ಮೂರು ದಿನ ಮಾಡುವುದಾದರೆ 24 ಲೀಟರ್ ನೀರನ್ನು ನಿಮ್ಮ ಪಾಲಿಗಿಂತ ಹೆಚ್ಚಾಗಿ ಒಯ್ಯಬೇಕು, ಇದನ್ನು ಮರೆಯಬೇಡಿ. ಬಳಸಿ ಎಸೆಯುವ ಲೋಟ ಇಡಲೇಬೇಡಿ. ಲೋಟ ತಂದವರಿಗೆ ಮಾತ್ರ ಪಾನಕ.

ನಾನು ಕಾಳುಮೆಣಸನ್ನು ಧಾರಾಳವಾಗಿ ಹಾಕಿದ್ದೆ. ಕುಡಿದವರು ಒಂದು ಕ್ಷಣ ಕಣ್ಣರಳಿಸಿ ಇನ್ನೊಂದು ಸಲ ಲೋಟ ಚಾಚಿದರು. ಒಬ್ಬ ಮುದುಕಿ ಮೂರೂ ದಿನ ಅದೇ ಹೊತ್ತಿಗೆ ಬಂದು ನೆರಳಲ್ಲಿ ಕೂತರು. ಕೊನೆಯ ದಿನ ಅವರೇ ಸೌಟು ಹಿಡಿದು ಬಡಿಸಿದರು.

ಪಾನಕವೇ ಆಗಬೇಕೆಂದಿಲ್ಲ. ಬಯಲಾಟದ ಕಿರೀಟ ಕಟ್ಟುವುದನ್ನು ಕಲಿಸಬಹುದು, ಬೆಳಗ್ಗೆ ರಂಗೋಲಿ ಹೇಳಿಕೊಡಬಹುದು. ರಂಗೋಲಿಗೆ ಬಣ್ಣದ ಪುಡಿ ಮಾತ್ರ ನೆಲಕ್ಕೆ ಬೀಳಬಾರದು. ಒಂದು ಹಲಗೆ ಇಟ್ಟು ಅದರ ಮೇಲೆ ಬಿಡಿಸಿ.

ಐದನೇ ಹೆಜ್ಜೆ: ನೀರು, ಊಟ, ಚಳಿ, ಧೂಳು

ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು. ಏಳು ದಿನಕ್ಕೆ 35 ಲೀಟರ್. ಅಲ್ಲಿ ನಲ್ಲಿ ಇಲ್ಲ. ಸ್ನಾನಕ್ಕೆ ಒದ್ದೆ ಬಟ್ಟೆ ಸಾಕು.

ಕರೂ ಎಂಬ ಹೆಸರಿಗೆ ಅಲ್ಲಿನ ಮೂಲನಿವಾಸಿಗಳಾದ ಖೊಯ್‌ಖೊಯ್ ಜನರ ಮಾತಿನಲ್ಲಿ ಒಣ ನೆಲ ಎಂದೇ ಅರ್ಥ ಹೇಳುತ್ತಾರೆ. ಪಶ್ಚಿಮದ ಸೆಡರ್‌ಬರ್ಗ್ ಬೆಟ್ಟಗಳು ಕಡಲಿನ ಮೋಡವನ್ನು ತಡೆಯುತ್ತವೆ, ಹಾಗಾಗಿ ಟಂಕ್ವಾಕ್ಕೆ ಮಳೆ ತೀರಾ ಕಡಿಮೆ. ಪಶ್ಚಿಮ ಘಟ್ಟದ ಮರೆಯಲ್ಲಿ ನಮ್ಮ ಬಯಲುಸೀಮೆ ಒಣಗುವುದೂ ಹೀಗೇ ಅಲ್ವಾ. ಕಡಿಮೆ ಅಂದರೆ ಇಲ್ಲವೇ ಇಲ್ಲ ಎಂದಲ್ಲ. ಬಂದರೆ ನುಣ್ಣನೆಯ ಧೂಳು ಅಂಟು ಕೆಸರಾಗುತ್ತದೆ, ಆಗ ಗಾಡಿ ಅಲ್ಲಾಡಿಸಬೇಡಿ.

ಏಪ್ರಿಲ್ ಎಂದರೆ ನಮಗೆ ಸುಡು ಬೇಸಿಗೆ. ಅಲ್ಲಿ ಅದು ಬೇಸಿಗೆ ಮುಗಿದು ಚಳಿಗಾಲ ಬರುವ ಹೊತ್ತು. ಹಗಲು ಮೂವತ್ತು ಡಿಗ್ರಿ ಮುಟ್ಟಬಹುದು, ರಾತ್ರಿ ಒಂದಂಕಿಗೆ ಇಳಿಯುತ್ತದೆ. ಬೆಂಗಳೂರಿನ ಸ್ವೆಟರ್ ಸಾಲದು. ದಪ್ಪ ಜಾಕೆಟ್, ಉಣ್ಣೆ ಟೋಪಿ, ಕಂಬಳಿ ಬೇಕು. ಧೂಳಿಗೆ ಕಣ್ಣು ಪೂರ್ತಿ ಮುಚ್ಚುವ ಗಾಗಲ್ಸ್ ಮತ್ತು ಮೂಗಿಗೆ ಬಟ್ಟೆ. ಹತ್ತಿಯ ಟವೆಲ್ ಒಂದಿದ್ದರೆ ನೂರು ಕೆಲಸ: ತಲೆಗೆ ಮುಂಡಾಸು, ಮೂಗಿಗೆ ಪಟ್ಟಿ, ರಾತ್ರಿ ಕುತ್ತಿಗೆಗೆ ಸುತ್ತು. ಒಣ ಗಾಳಿಗೆ ಹಿಮ್ಮಡಿ ಬಿರಿಯುತ್ತದೆ, ವ್ಯಾಸಲಿನ್ ಡಬ್ಬಿ ಇರಲಿ.

ಊಟಕ್ಕೆ ಅವಲಕ್ಕಿ ಶ್ರೇಷ್ಠ. ಒಲೆ ಬೇಡ, ಪಾತ್ರೆ ಹೆಚ್ಚು ತೊಳೆಯುವುದೂ ಬೇಡ. ಅಲ್ಲಿ ಪಾತ್ರೆ ತೊಳೆದ ನೀರನ್ನು ನೆಲಕ್ಕೆ ಚೆಲ್ಲುವಂತಿಲ್ಲ. ಅಗಲವಾದ ತೊಟ್ಟಿಯಲ್ಲಿಟ್ಟು ಬಿಸಿಲಿಗೆ ಆರಲು ಬಿಡಬೇಕು, ಉಳಿದದ್ದನ್ನು ತುಂಬಿಕೊಂಡು ವಾಪಸ್ ಒಯ್ಯಬೇಕು. ಈ ಒಂದು ನಿಯಮದಿಂದಲೇ ನಿಮ್ಮ ಅಡುಗೆ ಸರಳವಾಗುತ್ತದೆ. ತರಕಾರಿಯನ್ನು ಹೊರಡುವ ಮೊದಲೇ ಹೆಚ್ಚಿಕೊಳ್ಳಿ. ಪೊಟ್ಟಣಗಳ ಹೊದಿಕೆಯನ್ನೆಲ್ಲ ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಸುರಿದುಕೊಳ್ಳಿ.

ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಎರಡು ಪಾಲು ಮಾಡಿ ಎರಡು ಚೀಲದಲ್ಲಿಡಿ. ಅಲ್ಲಿ ವೈದ್ಯಕೀಯ ತಂಡ ಇರುತ್ತದೆ, ಆದರೆ ಔಷಧದ ಅಂಗಡಿ ಇರುವ ಊರು ಗಂಟೆಗಟ್ಟಲೆ ದೂರ.

ಆರನೇ ಹೆಜ್ಜೆ: ಆರ್355 ರಸ್ತೆ

ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಲೇಬೇಕು. ಈ ಪ್ರಯಾಣದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ.

ಕೇಪ್ ಟೌನ್‌ನಿಂದ ಸುಮಾರು 300 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದರೆ ನಾಲ್ಕು ಗಂಟೆ ಎನಿಸುತ್ತದೆ. ಆರು ಗಂಟೆ ಇಟ್ಟುಕೊಳ್ಳಿ. ಎನ್1 ಹೆದ್ದಾರಿ ಹಿಡಿದು, ಆಮೇಲೆ ಮಿಚೆಲ್ಸ್ ಪಾಸ್ ಘಾಟಿ ಹತ್ತಿದರೆ ಸೆರೆಸ್ ಎಂಬ ಹಣ್ಣಿನ ತೋಟಗಳ ಊರು. ಪೆಟ್ರೋಲ್ ಟ್ಯಾಂಕ್ ಅಲ್ಲಿ ಪೂರ್ತಿ ತುಂಬಿಸಿ. ಮುಂದೆ ಬಂಕ್ ಇಲ್ಲ, ಹಬ್ಬದಲ್ಲೂ ಇಲ್ಲ. ಹೋಗಿ ಅದೇ ಸೆರೆಸ್‌ಗೆ ಮರಳುವಷ್ಟು ಇಂಧನ ಇರಬೇಕು. ಮನೆಗೆ ಕೊನೆಯ ಫೋನ್ ಮಾಡುವುದೂ ಅಲ್ಲಿಂದಲೇ.

ಆಮೇಲೆ ಕರೂಪೋರ್ಟ್ ಕಣಿವೆ ದಾಟಿದರೆ ಡಾಂಬರು ಮುಗಿಯುತ್ತದೆ. ಮುಂದಿನದು ಆರ್355, ನೂರು ಕಿಲೋಮೀಟರ್‌ಗೂ ಹೆಚ್ಚು ಜಲ್ಲಿ ರಸ್ತೆ. ಸೆರೆಸ್‌ನಿಂದ ಕಾಲ್ವಿನಿಯಾ ಎಂಬ ಊರಿನವರೆಗೆ ಸುಮಾರು 250 ಕಿಲೋಮೀಟರ್ ನಡುವೆ ಒಂದೂ ಊರಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನಡುವೆ ಊರೇ ಇಲ್ಲದ ಅತಿ ಉದ್ದದ ರಸ್ತೆ ಎಂದು ಹೆಸರಾಗಿದೆ. ದಾರಿಯ ಜಲ್ಲಿ ಉರುಟು ಕಲ್ಲಲ್ಲ, ಪದರ ಪದರವಾಗಿ ಸೀಳುವ ಚಪ್ಪಡಿ ಕಲ್ಲು. ಅಂಚು ಚಾಕುವಿನಂತಿರುತ್ತದೆ. ಅದು ಟೈರಿನ ಪಕ್ಕವನ್ನೇ ಸೀಳುತ್ತದೆ, ಪಂಕ್ಚರ್ ಹಾಕಲು ಬರುವುದಿಲ್ಲ.

ಮೊದಲ ಸಲ ನಾವು ಎಂಬತ್ತರ ವೇಗದಲ್ಲಿದ್ದೆವು. ರಸ್ತೆ ನೇರವಾಗಿ, ಸಪಾಟಾಗಿ ಕಂಡಿತು. ಒಂದು ಸದ್ದು, ಹಿಂದಿನ ಎಡ ಟೈರು ಹೋಯಿತು. ಬದಲಿಸಿ ಹೊರಟು ಇಪ್ಪತ್ತು ಕಿಲೋಮೀಟರ್‌ಗೆ ಇನ್ನೊಂದು ಹೋಯಿತು. ಸ್ಟೆಪ್ನಿ ಇದ್ದದ್ದು ಒಂದೇ. ನಾಲ್ಕು ಗಂಟೆ ಬಿಸಿಲಲ್ಲಿ ಕಾದೆವು. ಗುರುತಿಲ್ಲದ ಒಬ್ಬರು ತಮ್ಮ ಗಾಡಿಯ ಟೈರನ್ನೇ ಕೊಟ್ಟರು, ನಮ್ಮ ಗಾಡಿಗೆ ಅದೃಷ್ಟಕ್ಕೆ ಹೊಂದಿತು. ಆದ್ದರಿಂದ:

– ಗಾಳಿ ತುಂಬಿದ ಎರಡು ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಇರಲಿ. ಜಾಕ್ ಮಣ್ಣಿನಲ್ಲಿ ಹೂತುಹೋಗದಂತೆ ಒಂದು ಹಲಗೆ ತುಂಡೂ ಇರಲಿ.
– ಡಾಂಬರು ಮುಗಿದಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿ. ಮರಳಿ ತುಂಬಲು ಸಣ್ಣ ಪಂಪ್ ಬೇಕು.
– 60ರ ಮೇಲೆ ಹೋಗಬೇಡಿ. ಮುಂದಿನ ಗಾಡಿಯ ಧೂಳು ಇಳಿಯುವಷ್ಟು ಅಂತರ ಬಿಡಿ. ಹಗಲಲ್ಲೂ ಹೆಡ್‌ಲೈಟ್ ಉರಿಯಲಿ.
– ಜೋರಾಗಿ ಬ್ರೇಕ್ ಹಾಕಬೇಡಿ, ಸ್ಟೀರಿಂಗ್ ಎಳೆಯಬೇಡಿ. ಜಲ್ಲಿಯ ಮೇಲೆ ಗಾಡಿ ಜಾರುವುದು ಹಾಗೆಯೇ.
– ಕತ್ತಲಾದ ಮೇಲೆ ಓಡಿಸಲೇಬೇಡಿ. ಬೆಳಗ್ಗೆ ಆರಕ್ಕೇ ಕೇಪ್ ಟೌನ್ ಬಿಡಿ.

ಬಾಡಿಗೆ ಕಾರಾದರೆ ಕರಾರನ್ನು ಓದಿ. ಎಷ್ಟೋ ಕರಾರುಗಳಲ್ಲಿ ಟೈರು, ಗಾಜು, ಗಾಡಿಯ ಅಡಿಭಾಗ ವಿಮೆಗೆ ಸೇರುವುದಿಲ್ಲ. ಜಲ್ಲಿ ರಸ್ತೆಗೆ ಒಯ್ಯುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ನಮ್ಮ ಲೈಸೆನ್ಸ್ ಇಂಗ್ಲಿಷ್‌ನಲ್ಲಿರುವುದರಿಂದ ನಡೆಯುತ್ತದೆ. ಆದರೂ ಆರ್‌ಟಿಓದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ನೆಮ್ಮದಿ. ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಪರೀಕ್ಷಿಸುವುದುಂಟು. ಕಾನೂನು ಒಪ್ಪದ ಯಾವುದೂ ಜೊತೆಗಿರಬಾರದು.

ಏಳನೇ ಹೆಜ್ಜೆ: ತಲುಪಿದ ಮೇಲೆ

ಹಬ್ಬ ಮೊದಲು ಸ್ಟೋನ್‌ಹೆಂಜ್ ಎಂಬ ತೋಟದ ಜಮೀನಿನಲ್ಲಿ ನಡೆಯುತ್ತಿತ್ತು. 2023ರಿಂದ ಪಕ್ಕದ ಕ್ವಾಗಾಫಾಂಟೇನ್‌ಗೆ ಬಂದಿದೆ. ಫಾಂಟೇನ್ ಅಂದರೆ ಬುಗ್ಗೆ. ಕ್ವಾಗಾ ಅಂದರೆ ಅರ್ಧ ಮೈಗೆ ಮಾತ್ರ ಪಟ್ಟೆಯಿದ್ದ ಒಂದು ಬಗೆಯ ಜೀಬ್ರಾ. ಕರೂ ಬಯಲಲ್ಲಿ ಹಿಂಡು ಹಿಂಡಾಗಿ ಮೇಯುತ್ತಿತ್ತು. ಬೇಟೆಯಾಡಿ ಮುಗಿಸಿದರು, ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೃಗಾಲಯದಲ್ಲಿ ಸತ್ತಿತು. ಈಗ ಹೆಸರು ಮಾತ್ರ ಉಳಿದಿದೆ.

ಟೆಂಟನ್ನು ಹಗಲು ಬೆಳಕಿನಲ್ಲೇ ಕಟ್ಟಿ. ಟೆಂಟಿನ ಜೊತೆ ಬರುವ ತೆಳು ಮೊಳೆಗಳು ಈ ನೆಲಕ್ಕೆ ಬಗ್ಗುತ್ತವೆ. ಒಂದೂವರೆ ಅಡಿಯ ಕಬ್ಬಿಣದ ಗೂಟ, ಭಾರದ ಸುತ್ತಿಗೆ ಬೇಕು. ಗೂಟದ ತಲೆಗೆ ಹಳೆಯ ಟೆನಿಸ್ ಚೆಂಡು ಸಿಕ್ಕಿಸಿದರೆ ರಾತ್ರಿ ಯಾರೂ ಎಡವುವುದಿಲ್ಲ. ಮಧ್ಯಾಹ್ನ ಗಾಳಿ ಎದ್ದರೆ ನೆರಳಿನ ಬಟ್ಟೆ ಹಾಯಿಯಾಗುತ್ತದೆ, ಆಗ ಅದನ್ನು ಇಳಿಸಿಬಿಡುವುದು ಬುದ್ಧಿವಂತಿಕೆ. ನೆಲದ ಮೇಲೆ ಬೆಂಕಿ ಹಾಕುವಂತಿಲ್ಲ, ಕಾಲಿರುವ ಒಲೆ ಅಥವಾ ಡ್ರಮ್ ಬೇಕು.

ಊರಿನ ಒಳ ರಸ್ತೆಗೆ ಬಿನ್ನೆಕ್ರಿಂಗ್ ಎನ್ನುತ್ತಾರೆ, ಆಫ್ರಿಕಾನ್ಸ್ ಭಾಷೆಯಲ್ಲಿ ಒಳಸುತ್ತು ಎಂದರ್ಥ. ಅದರಾಚೆ ತೆರೆದ ಬಯಲು, ಅಲ್ಲಿ ಕಲಾಕೃತಿಗಳು. ನಿಮ್ಮ ಕಾರು ನಿಂತಲ್ಲೇ ನಿಲ್ಲಬೇಕು. ಓಡಾಟಕ್ಕೆ ಕಾಲು, ಸೈಕಲ್. ಇವುಗಳ ನಡುವೆ ಹಡಗಿನಂತೆಯೋ ಪ್ರಾಣಿಯಂತೆಯೋ ವೇಷ ಹಾಕಿದ ಗಾಡಿಗಳು ನಡಿಗೆಯ ವೇಗದಲ್ಲಿ ತೇಲುತ್ತವೆ, ಕೈ ತೋರಿಸಿದರೆ ಹತ್ತಿಸಿಕೊಳ್ಳುತ್ತವೆ. ರಾತ್ರಿ ನಿಮ್ಮ ಮೈಮೇಲೂ ಸೈಕಲ್ ಮೇಲೂ ದೀಪ ಇರಲೇಬೇಕು.

ಫೋಟೋ ತೆಗೆಯುವ ಮೊದಲು ಕೇಳಿ. ಕೆಲವರು ಬಟ್ಟೆಯಿಲ್ಲದೆ ಇರುತ್ತಾರೆ, ಕೆಲವರು ದುಃಖದಲ್ಲಿರುತ್ತಾರೆ. ಮುಟ್ಟುವ ಮೊದಲೂ ಕೇಳಿ. ಬೇಡ ಎಂದರೆ ಬೇಡ. ಏನಾದರೂ ಸರಿಯಿಲ್ಲ ಅನ್ನಿಸಿದರೆ ರೇಂಜರ್ ಎಂಬ ಸ್ವಯಂಸೇವಕರು ಸುತ್ತುತ್ತಿರುತ್ತಾರೆ, ಅವರ ಹತ್ತಿರ ಹೋಗಿ. ನೀವೂ ಒಂದು ಪಾಳಿ ಕೆಲಸ ಕೇಳಿ ಪಡೆಯಿರಿ. ಗೇಟಿನಲ್ಲೋ ಐಸ್ ಹಂಚುವಲ್ಲೋ ನಾಲ್ಕು ಗಂಟೆ ನಿಂತರೆ ಊರು ನಿಮ್ಮದಾಗುತ್ತದೆ.

ಕತ್ತಲಾದ ಮೇಲೆ ಒಮ್ಮೆ ದೀಪಗಳಿಂದ ದೂರ ನಡೆದು ತಲೆ ಎತ್ತಿ. ಪೂರ್ವದ ಬೆಟ್ಟಸಾಲಿನ ಮೇಲಿರುವ ಸದರ್ಲೆಂಡ್‌ನಲ್ಲಿ ದೊಡ್ಡ ದೂರದರ್ಶಕ ಕಟ್ಟಿರುವುದು ಸುಮ್ಮನಲ್ಲ, ಅಷ್ಟು ಕಪ್ಪು ಆಕಾಶ. ನಮ್ಮೂರಿನಿಂದ ದಕ್ಷಿಣ ದಿಗಂತದಲ್ಲಿ ತಗ್ಗಾಗಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ಮೇಲೆ ಎತ್ತರದಲ್ಲಿರುತ್ತದೆ. ನಮ್ಮೂರಿನಲ್ಲಿ ನೋಡಿದವರಿಗೆ ಅದು ಅದೇ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕು.

ಎಂಟನೇ ಹೆಜ್ಜೆ: ಸುಡುವ ರಾತ್ರಿ

ಹಬ್ಬದ ಗುರುತು ಅಲ್ಲಿನ ಮೂಲನಿವಾಸಿಗಳಾದ ಸ್ಯಾನ್ ಜನರ ಬಂಡೆಚಿತ್ರದಿಂದ ಬಂದದ್ದು: ಒಂದೇ ಮೈ, ಹಲವು ಕಾಲು, ಹಲವು ತಲೆ. ಅದೇ ರೂಪದ ಮರದ ಆಕೃತಿಯನ್ನು ಕ್ಲ್ಯಾನ್ ಎನ್ನುತ್ತಾರೆ. ಕೊನೆಯ ರಾತ್ರಿಗಳಲ್ಲಿ ಅದನ್ನೂ ಬೇರೆ ಕೆಲವು ಕೃತಿಗಳನ್ನೂ ಸುಡುತ್ತಾರೆ. ಸಮಯವನ್ನು ಗಾಳಿ ತೀರ್ಮಾನಿಸುತ್ತದೆ. ಗಾಳಿ ಜೋರಿದ್ದರೆ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಮುಂದೆ ಹೋಗುತ್ತದೆ. ತಾಳ್ಮೆ ಇರಲಿ, ಕಂಬಳಿ ಇರಲಿ.

ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು, ಬೆಂಕಿಗೆ ಎದುರಾಗಿ ಕೂತರೆ ಕಿಡಿ ಮುಖಕ್ಕೆ ಬರುವುದಿಲ್ಲ. ಗಡಿ ಗೆರೆಯ ಹೊರಗೆ ಕೂರಿ, ಕಾಯುವವರು ಬಿಡುವವರೆಗೆ ಏಳಬೇಡಿ. ನೈಲಾನ್ ಬಟ್ಟೆ ಬೇಡ, ಹತ್ತಿ ಅಥವಾ ಉಣ್ಣೆ ಹಾಕಿ. ತಿಂಗಳುಗಟ್ಟಲೆ ಕೆತ್ತಿದ್ದನ್ನು ಅವರೇ ಹೊತ್ತಿಸುವುದನ್ನು ನೋಡುವಾಗ ನನಗೆ ಗಣಪತಿ ಬಿಡುವ ಸಂಜೆ ನೆನಪಾಯಿತು. ಪಕ್ಕದಲ್ಲಿ ಆ ಕೃತಿ ಕಟ್ಟಿದ ಒಬ್ಬ ಹುಡುಗ ಅಳುತ್ತಿದ್ದ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಹತ್ತಿರ ಕೂತರು ಅಷ್ಟೇ.

ಒಂಬತ್ತನೇ ಹೆಜ್ಜೆ: ಗುರುತಿಲ್ಲದಂತೆ ಹಿಂತಿರುಗುವುದು

ಕಸದ ಬುಟ್ಟಿ ಅಲ್ಲಿ ಒಂದೂ ಇಲ್ಲ. ತಂದದ್ದೆಲ್ಲ ನಿಮ್ಮ ಜೊತೆಯೇ ಹೋಗಬೇಕು. ಜಾಗ ತಪ್ಪಿ ಬಿದ್ದ ಪ್ರತಿ ಚೂರಿಗೂ ಮೂಪ್ ಎಂದು ಹೆಸರು. ಹಳದಿ ಎಲೆಯಂತೆ ಕಾಣುವ ಕಿತ್ತಳೆ ಸಿಪ್ಪೆಯೂ ಮೂಪ್, ಏಕೆಂದರೆ ಆ ಒಣ ನೆಲದಲ್ಲಿ ಅದು ಬೇಗ ಕೊಳೆಯುವುದೇ ಇಲ್ಲ. ಹೊಳೆಯುವ ಪುಡಿ, ಮಿಂಚುವ ಬಿಲ್ಲೆ, ಹಕ್ಕಿ ಗರಿ ಇವನ್ನು ಮನೆಯಲ್ಲೇ ಬಿಡಿ. ಪ್ರತಿ ದಿನ ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಂಡು ಸಿಕ್ಕಿದ್ದನ್ನು ಹಾಕಿಕೊಳ್ಳಿ.

ಹೊರಡುವ ದಿನ ಟೆಂಟ್ ಬಿಚ್ಚಿದ ಮೇಲೆ ಕ್ಯಾಂಪಿನವರೆಲ್ಲ ಒಂದು ತೋಳಿನ ಅಂತರದಲ್ಲಿ ಸಾಲಾಗಿ ನಿಲ್ಲಿ. ಕಳೆ ಕೀಳುವ ಸಾಲಿನಂತೆ ಬಗ್ಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ನಡೆಯಿರಿ. ಆಮೇಲೆ ಅಡ್ಡ ದಿಕ್ಕಿನಲ್ಲಿ ಇನ್ನೊಮ್ಮೆ. ಎರಡನೇ ಸಲ ನಡೆಯುವಾಗ ಅರವಟ್ಟಿಗೆ ಇದ್ದ ಜಾಗದಲ್ಲಿ ನನಗೆ ಏಳು ಏಲಕ್ಕಿ ಸಿಪ್ಪೆ, ಒಂದು ನಿಂಬೆ ಬೀಜ ಸಿಕ್ಕವು. ಮೊದಲ ಸುತ್ತಿನಲ್ಲಿ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗೂಟದ ಗುಂಡಿಗಳನ್ನು ಮಣ್ಣು ಸರಿಸಿ ಮುಚ್ಚಿ.

ಕಸದ ಚೀಲಗಳನ್ನು ಕಾರಿನ ಮೇಲೆ ಕಟ್ಟುವುದಾದರೆ ಎರಡು ಪದರದ ಚೀಲ, ಮೇಲೆ ಬಲೆ. ಜಲ್ಲಿ ರಸ್ತೆಯ ಕುಲುಕಾಟಕ್ಕೆ ಸಡಿಲ ಚೀಲ ಬಿದ್ದೇ ಬೀಳುತ್ತದೆ. ಅರ್ಧ ಗಂಟೆಗೊಮ್ಮೆ ಇಳಿದು ನೋಡಿ. ಸೆರೆಸ್ ಊರಿನ ಪೆಟ್ರೋಲ್ ಬಂಕಿನ ಬುಟ್ಟಿಗೆ ಅದನ್ನು ತುರುಕಬೇಡಿ, ಆ ಪುಟ್ಟ ಊರು ಸಾವಿರಾರು ಜನರ ಕಸ ಹೊರಲಾರದು. ಕೇಪ್ ಟೌನ್‌ವರೆಗೆ ಒಯ್ದು, ಬೇರ್ಪಡಿಸಿ, ನಗರಪಾಲಿಕೆಯ ಕಸ ಸಂಗ್ರಹ ಕೇಂದ್ರಕ್ಕೆ ಕೊಡಿ. ನಿದ್ದೆ ಬಂದರೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಮಲಗಿ. ಒಂದು ವಾರ ಕಡಿಮೆ ನಿದ್ದೆ ಮಾಡಿದ ಮೈ, ಮುಂದೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಅದೇ ಚೂಪು ಕಲ್ಲು. ಡಾಂಬರು ಸಿಕ್ಕ ತಕ್ಷಣ ಟೈರಿಗೆ ಗಾಳಿ ತುಂಬಿಸಿಕೊಳ್ಳಿ. ಕಾರನ್ನು ಒಳಗೂ ಹೊರಗೂ ತೊಳೆಸಿದ ಮೇಲೆಯೇ ಮರಳಿಸಿ. ಬಾಗಿಲಿನ ರಬ್ಬರಿನ ಸಂದಿಯನ್ನು ನೀವೇ ಒರೆಸಿ ನೋಡಿ, ಟಂಕ್ವಾದ ಧೂಳು ಜಾಸ್ತಿ ಉಳಿಯುವುದು ಅಲ್ಲೇ.